1987ರ ಮತಪತ್ರಗಳನ್ನು ಮತ್ತೆ ತೆರೆಯಿರಿ

ಗೆ,
ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಸದಸ್ಯರು
ಅಮೆರಿಕದ ಬೇಸ್‌ಬಾಲ್ ಬರಹಗಾರರ ಸಂಘ

ವಿಷಯ: 1987ರ ಋತುವಿನ ಮೂರು ಪ್ರಶಸ್ತಿಗಳ ಮರುಪರಿಶೀಲನೆ ಕೋರಿ

ಮಾನ್ಯರೇ,

1987ರ ಋತು ಮುಗಿದ ಮೇಲೆ ನಿಮ್ಮ ಸದಸ್ಯರು ಕೊಟ್ಟ ಮೂರು ತೀರ್ಪುಗಳ ಬಗ್ಗೆ ಈ ಪತ್ರ. ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರ, ಅಂದರೆ ಎಂವಿಪಿ, ಚಿಕಾಗೋ ಕಬ್ಸ್ ತಂಡದ ಆಂಡ್ರೆ ಡಾಸನ್. ಅಮೆರಿಕನ್ ಲೀಗಿನ ಎಂವಿಪಿ ಟೊರಾಂಟೊ ಬ್ಲೂ ಜೇಸ್ ತಂಡದ ಜಾರ್ಜ್ ಬೆಲ್. ನ್ಯಾಷನಲ್ ಲೀಗಿನ ಶ್ರೇಷ್ಠ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಕೊಡುವ ಸೈ ಯಂಗ್ ಪ್ರಶಸ್ತಿ ಫಿಲಡೆಲ್ಫಿಯಾ ಫಿಲೀಸ್‌ನ ಸ್ಟೀವ್ ಬೆಡ್ರೋಸಿಯನ್‌ಗೆ. ಮೂವರೂ ಒಳ್ಳೆಯ ಆಟಗಾರರು, ಆ ವರ್ಷ ಚೆನ್ನಾಗಿಯೇ ಆಡಿದರು. ಯಾರ ಮನೆಯ ಗೋಡೆಯಿಂದಲೂ ಫಲಕ ಇಳಿಸಿ ಎಂದು ನಾವು ಕೇಳುತ್ತಿಲ್ಲ. ನಮ್ಮ ದೂರು ಇರುವುದು ಅಳತೆಗೋಲಿನ ಮೇಲೆ. ಅಂದು ಬಳಸಿದ ಅಳತೆಗೋಲನ್ನು ನಿಮ್ಮ ಸಂಘವೇ ಆಮೇಲೆ ಬದಿಗಿಟ್ಟಿದೆ. ಹಾಗಿದ್ದೂ ಆ ವರ್ಷದ ದಾಖಲೆಯ ಪಕ್ಕದಲ್ಲಿ ಒಂದು ಸಾಲಿನ ಟಿಪ್ಪಣಿಯೂ ಇಲ್ಲ.

ಕ್ರಿಕೆಟ್ ಬಲ್ಲ ಕನ್ನಡ ಓದುಗರೂ ಇದನ್ನು ಓದುತ್ತಾರಾದ್ದರಿಂದ ಲೆಕ್ಕವನ್ನು ಕೊಂಚ ಬಿಡಿಸಿ ಹೇಳುತ್ತೇವೆ. ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳಿದಂತೆ ಕಂಡರೆ ಸಹಿಸಬೇಕು.

ಮೊದಲು ಮತದಾನದ ರೀತಿ. ಆಗ ನ್ಯಾಷನಲ್ ಲೀಗಿನಲ್ಲಿ 12 ತಂಡ, ಅಮೆರಿಕನ್ ಲೀಗಿನಲ್ಲಿ 14. ಪ್ರತಿ ತಂಡದ ಊರಿನಿಂದ ಇಬ್ಬರು ಬರಹಗಾರರಂತೆ ಒಂದು ಕಡೆ 24, ಇನ್ನೊಂದು ಕಡೆ 28 ಮತದಾರರು. ಎಂವಿಪಿ ಮತಪತ್ರದಲ್ಲಿ ಹತ್ತು ಹೆಸರು: ಮೊದಲ ಸ್ಥಾನಕ್ಕೆ 14 ಅಂಕ, ಎರಡನೆಯದಕ್ಕೆ 9, ಆಮೇಲೆ 8, 7 ಹೀಗೆ ಇಳಿದು ಹತ್ತನೆಯದಕ್ಕೆ 1. ಸೈ ಯಂಗ್‌ಗೆ ಆಗ ಮೂರೇ ಹೆಸರು, ಅಂಕ 5, 3, 1.

ಈಗ ಡಾಸನ್ ಪ್ರಕರಣ. 49 ಹೋಮ್ ರನ್ (ಸಾಮಾನ್ಯವಾಗಿ ಬೇಲಿ ದಾಟಿಸಿ, ನಾಲ್ಕೂ ಬೇಸ್ ಸುತ್ತಿ ಮನೆ ಮುಟ್ಟುವ ಹೊಡೆತ), 137 ಆರ್‌ಬಿಐ. ಎರಡರಲ್ಲೂ ಲೀಗಿಗೇ ಮೊದಲಿಗ. ಮತದಾರರ ಕಣ್ಣು ಅಲ್ಲಿಗೇ ನಿಂತಿತು. ಆರ್‌ಬಿಐ ಅಂದರೆ ಬ್ಯಾಟ್ಸ್‌ಮನ್ ಹೊಡೆದ ಹೊಡೆತದಿಂದ ತಂಡಕ್ಕೆ ಬಂದ ರನ್. ಅದರಲ್ಲಿ ಅವನ ಪಾಲಿನಷ್ಟೇ ಅವನಿಗಿಂತ ಮೊದಲು ಆಡಿ ಬೇಸ್ ಮೇಲೆ ನಿಂತವರ ಪಾಲೂ ಇದೆ. ಡಾಸನ್‌ನ 137ರಲ್ಲಿ 49 ಸಲ ಅವನೇ ಮನೆ ಮುಟ್ಟಿದ್ದು. ಉಳಿದ 88 ಬೇರೆಯವರ ಕಾಲಿನಿಂದ ಬಂದ ರನ್. ಕೊನೆಯ ಓವರಿನಲ್ಲಿ ಗೆಲುವಿನ ರನ್ ಹೊಡೆದವನಿಗೇ ಇಡೀ ಚೇಸಿಂಗಿನ ಹೆಸರು ಬರೆದುಕೊಟ್ಟರೆ ಹೇಗೋ ಹಾಗೆ ಇದು.

ಡಾಸನ್‌ನ ಪೂರ್ತಿ ಸಾಲು ಹೀಗಿದೆ: 621 ಅಧಿಕೃತ ಸರದಿ, 178 ಹಿಟ್ (ಹೊಡೆದು ಬೇಸ್ ತಲುಪಿದ್ದು), ಅದರಲ್ಲಿ 24 ಡಬಲ್ (ಎರಡು ಬೇಸ್), 2 ಟ್ರಿಪಲ್ (ಮೂರು ಬೇಸ್), 49 ಹೋಮ್ ರನ್. ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೇವಲ 32. ಬ್ಯಾಟಿಂಗ್ ಸರಾಸರಿ (ಸರದಿಗೆ ಎಷ್ಟು ಹಿಟ್) .287, ಬೇಸ್ ತಲುಪಿದ ಪ್ರಮಾಣ .328, ಸ್ಲಗಿಂಗ್ (ಸರದಿಗೆ ಎಷ್ಟು ಬೇಸ್) .568. ಸ್ಯಾನ್ ಡಿಯೆಗೊ ಪಾಡ್ರೆಸ್‌ನ ಟೋನಿ ಗ್ವಿನ್‌ನ ಸಾಲು: 589 ಸರದಿ, 218 ಹಿಟ್, 36 ಡಬಲ್, 13 ಟ್ರಿಪಲ್, 7 ಹೋಮ್ ರನ್, 82 ವಾಕ್, ಕದ್ದ ಬೇಸ್ (ಹೊಡೆತವಿಲ್ಲದೆ ಓಡಿ ಹಿಡಿದ ಮುಂದಿನ ಬೇಸ್) 56. ಸರಾಸರಿ .370, ಬೇಸ್ ತಲುಪಿದ ಪ್ರಮಾಣ .447, ಸ್ಲಗಿಂಗ್ .511.

ಇಲ್ಲಿ ನೋಡಬೇಕಾದದ್ದು ಔಟ್. ಒಂದು ಪಂದ್ಯದಲ್ಲಿ ತಂಡಕ್ಕೆ ಸಿಗುವುದು 27 ಔಟ್, ಅಷ್ಟೇ. ಖರ್ಚಾದರೆ ಆಟ ಮುಗಿಯಿತು. ಡಾಸನ್ ಬ್ಯಾಟಿನಿಂದ ಖರ್ಚು ಮಾಡಿದ ಔಟ್ 443. ಗ್ವಿನ್ 371. ವ್ಯತ್ಯಾಸ 72, ಅಂದರೆ ಎರಡೂವರೆ ಪಂದ್ಯಕ್ಕೂ ಮಿಕ್ಕಿ ಇಡೀ ತಂಡ ಆಡಬಹುದಾದಷ್ಟು ಔಟ್. ಚೆಂಡು ಮೈಗೆ ತಾಗಿ ಸಿಕ್ಕ ಬೇಸ್ ಸೇರಿಸಿ ಗ್ವಿನ್ ಬೇಸ್ ತಲುಪಿದ್ದು 303 ಸಲ, ಡಾಸನ್ 217 ಸಲ. ಇದಕ್ಕೆ ಬದಲಾಗಿ ಡಾಸನ್ ಹೆಚ್ಚಾಗಿ ಕೊಟ್ಟದ್ದು 52 ಒಟ್ಟು ಬೇಸ್ (353ಕ್ಕೆ 301). 86 ಸಲ ಕಡಿಮೆ ಬೇಸ್ ತಲುಪಿ, 72 ಔಟ್ ಹೆಚ್ಚು ಸುಟ್ಟು, 52 ಬೇಸ್ ಗಳಿಸಿದ ವ್ಯಾಪಾರವನ್ನು ಲಾಭವೆನ್ನಲು ಬರುವುದಿಲ್ಲ.

ಇದನ್ನೇ ರನ್‌ಗಳ ಲೆಕ್ಕಕ್ಕೆ ತರುವ ವಿಧಾನ ಹಳೆಯದು, ಕಾಗದ ಪೆನ್ಸಿಲ್ ಸಾಕು. ಸಾವಿರಾರು ಪಂದ್ಯಗಳ ಸರಾಸರಿಯಲ್ಲಿ ಒಂದು ಸಿಂಗಲ್ ಸುಮಾರು 0.47 ರನ್‌ಗೆ ಸಮ, ಡಬಲ್ 0.78, ಟ್ರಿಪಲ್ 1.05ರ ಆಸುಪಾಸು, ಹೋಮ್ ರನ್ 1.40, ವಾಕ್ 0.33. ಪ್ರತಿ ಔಟ್‌ಗೆ ಸುಮಾರು 0.27 ಕಳೆಯಬೇಕು. ಕದ್ದ ಬೇಸ್‌ಗೆ 0.2 ಕೂಡಿ, ಕದಿಯಲು ಹೋಗಿ ಸಿಕ್ಕಿಬಿದ್ದರೆ 0.4 ಕಳೆಯಿರಿ. ಬರುವ ಮೊತ್ತ, ಸಾಧಾರಣ ಬ್ಯಾಟ್ಸ್‌ಮನ್‌ಗಿಂತ ಈ ಆಟಗಾರ ತಂಡಕ್ಕೆ ಎಷ್ಟು ರನ್ ಹೆಚ್ಚು ಕೊಟ್ಟ ಎಂಬುದರ ಅಂದಾಜು. ಸರಿಸುಮಾರು ಹತ್ತು ರನ್‌ಗೆ ಒಂದು ಗೆಲುವು.

ಹೀಗೆ ಹಾಕಿದರೆ ಗ್ವಿನ್‌ಗೆ 62ರ ಹತ್ತಿರ ಬರುತ್ತದೆ, ಡಾಸನ್‌ಗೆ 32ರ ಹತ್ತಿರ. ಮೂರು ಗೆಲುವಿನ ಅಂತರ. ಅಟ್ಲಾಂಟಾದ ಡೇಲ್ ಮರ್ಫಿ (44 ಹೋಮ್ ರನ್, 115 ವಾಕ್) 60ರ ಸುತ್ತ. ಸೇಂಟ್ ಲೂಯಿಸ್‌ನ ಜ್ಯಾಕ್ ಕ್ಲಾರ್ಕ್ ಕೇವಲ 131 ಪಂದ್ಯ ಆಡಿ 136 ವಾಕ್ ಗಳಿಸಿ 60ರ ಸುತ್ತ. ಮಾಂಟ್ರಿಯಾಲ್‌ನ ಟಿಮ್ ರೇನ್ಸ್ 139 ಪಂದ್ಯಗಳಲ್ಲಿ 56. ಸಿನ್ಸಿನಾಟಿಯ ಎರಿಕ್ ಡೇವಿಸ್ 129 ಪಂದ್ಯಗಳಲ್ಲಿ 54, ಅದೂ ಸೆಂಟರ್ ಫೀಲ್ಡಿನಲ್ಲಿ ಗೋಲ್ಡ್ ಗ್ಲೋವ್ (ಶ್ರೇಷ್ಠ ಫೀಲ್ಡರ್ ಪ್ರಶಸ್ತಿ) ಮಟ್ಟದ ಫೀಲ್ಡಿಂಗ್ ಮಾಡುತ್ತ, 37 ಹೋಮ್ ರನ್ ಹೊಡೆದು, 56 ಪ್ರಯತ್ನಗಳಲ್ಲಿ 50 ಬೇಸ್ ಕದ್ದು. ನಿಮ್ಮ ಮತದಾನದಲ್ಲಿ ರೇನ್ಸ್ ಏಳನೆಯವ, ಗ್ವಿನ್ ಎಂಟನೆಯವ, ಡೇವಿಸ್ ಒಂಬತ್ತನೆಯವ. ಡಾಸನ್ 269 ಅಂಕದೊಂದಿಗೆ ಮೊದಲಿಗ.

ಗ್ವಿನ್‌ನ ತಂಡ ಕೊನೆಯ ಸ್ಥಾನದಲ್ಲಿತ್ತಲ್ಲ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಪಾಡ್ರೆಸ್ 65–97 (ಗೆಲುವು–ಸೋಲು), ಪಶ್ಚಿಮ ವಿಭಾಗದ ಕೊನೆ. ಕಬ್ಸ್ 76–85, ಪೂರ್ವ ವಿಭಾಗದ ಕೊನೆ. ಕೊನೆಯ ಸ್ಥಾನದ ತಂಡದಿಂದ ಎಂವಿಪಿ ಆದ ಮೊದಲ ಆಟಗಾರನೇ ಡಾಸನ್. ತಂಡದ ಸ್ಥಾನ ಲೆಕ್ಕಕ್ಕಿಲ್ಲ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ, ಕೊನೆಯ ಸ್ಥಾನದ ಇಬ್ಬರಲ್ಲಿ ಉತ್ತಮನನ್ನು ಬಿಟ್ಟು ಇನ್ನೊಬ್ಬನನ್ನು ಆರಿಸಿದ್ದಕ್ಕೆ ಯಾವ ಕಾರಣ ಉಳಿಯಿತು?

ಕಾರಣ ಮೈದಾನದ ಹೊರಗಿತ್ತು. 1986–87ರ ಚಳಿಗಾಲದಲ್ಲಿ ತಂಡಗಳ ಮಾಲೀಕರು ಒಳಒಪ್ಪಂದ ಮಾಡಿಕೊಂಡು ಒಪ್ಪಂದ ಮುಗಿದ ಆಟಗಾರರಿಗೆ ಬೆಲೆ ಕಟ್ಟದೆ ಕೂತರು. ಮಾಂಟ್ರಿಯಾಲ್‌ನ ಕೃತಕ ಹುಲ್ಲಿನ ಮೇಲೆ ಮೊಣಕಾಲು ಸವೆಸಿಕೊಂಡಿದ್ದ ಡಾಸನ್ ಕಬ್ಸ್‌ನ ಜನರಲ್ ಮ್ಯಾನೇಜರ್ ಡಲ್ಲಾಸ್ ಗ್ರೀನ್ ಮುಂದೆ ಸಂಬಳದ ಜಾಗ ಖಾಲಿ ಬಿಟ್ಟ ಒಪ್ಪಂದಪತ್ರ ಇಟ್ಟ. ಅವರು ತುಂಬಿದ ಮೂಲ ಸಂಬಳ 5 ಲಕ್ಷ ಡಾಲರ್. ಇದು ನಿಜಕ್ಕೂ ದೊಡ್ಡ ಕಥೆ, ಬರಹಗಾರರ ಮನಸ್ಸು ಕರಗಿದ್ದು ಸಹಜ. ಆದರೆ ಅದೇ ಒಳಒಪ್ಪಂದದ ಇನ್ನೊಬ್ಬ ಬಲಿಪಶು ರೇನ್ಸ್. ಅವನಿಗೆ ಯಾವ ತಂಡವೂ ಮಾನದ ಬೆಲೆ ಹೇಳಲಿಲ್ಲ. ಜನವರಿ 8ರೊಳಗೆ ಹಳೆಯ ತಂಡಕ್ಕೆ ಸಹಿ ಹಾಕದಿದ್ದರೆ ಮೇ 1ರ ತನಕ ಆ ತಂಡಕ್ಕೆ ಮರಳುವಂತಿಲ್ಲ ಎಂಬ ನಿಯಮ ಆಗ ಇತ್ತು. ಹಾಗಾಗಿ ಏಪ್ರಿಲ್ ಪೂರ್ತಿ ಅವನು ಹೊರಗೆ. ಮೇ 2ರಂದು, ತರಬೇತಿ ಶಿಬಿರವನ್ನೇ ಕಾಣದೆ, ನೇರ ನ್ಯೂಯಾರ್ಕಿನಲ್ಲಿ ಮೆಟ್ಸ್ ವಿರುದ್ಧ ಇಳಿದು ನಾಲ್ಕು ಹಿಟ್ ಹೊಡೆದ. ಹತ್ತನೇ ಇನ್ನಿಂಗ್ಸಿನಲ್ಲಿ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಮೂರೂ ಬೇಸ್ ತುಂಬಿದ್ದಾಗಿನ ಹೋಮ್ ರನ್. ಒಂದು ತಿಂಗಳು ಕಳೆದುಕೊಂಡೂ 123 ರನ್ ಗಳಿಸಿ ಲೀಗಿಗೆ ಮೊದಲಿಗನಾದ. ಆ ಇಪ್ಪತ್ತು ಪಂದ್ಯ ಅವನಿಗೆ ಸಿಕ್ಕಿದ್ದರೆ ನಮ್ಮ ಲೆಕ್ಕದಲ್ಲಿ 56 ಇದ್ದದ್ದು 65ರ ಸುತ್ತ ಹೋಗುತ್ತಿತ್ತು, ಗ್ವಿನ್‌ಗಿಂತಲೂ ಮೇಲೆ.

ಅಂದರೆ ಒಂದೇ ಅನ್ಯಾಯ ಒಬ್ಬನಿಗೆ ಅನುಕಂಪದ ಮತ ತಂದಿತು, ಇನ್ನೊಬ್ಬನ ಖಾತೆಯಿಂದ ಪಂದ್ಯಗಳನ್ನೇ ಕಿತ್ತುಕೊಂಡಿತು. ಮತಪತ್ರ ತುಂಬಿದವರು ಮೊದಲನೆಯದನ್ನು ಎಣಿಸಿದರು, ಎರಡನೆಯದನ್ನು ಗೈರುಹಾಜರಿ ಎಂದುಕೊಂಡರು. ಮಾಲೀಕರ ಒಳಒಪ್ಪಂದ ಆಗ ಗುಟ್ಟಾಗಿರಲಿಲ್ಲ. ಅದಕ್ಕೂ ಹಿಂದಿನ ಚಳಿಗಾಲದ ಬಗ್ಗೆ ಮಧ್ಯಸ್ಥಗಾರರ ತೀರ್ಪು 1987ರ ಸೆಪ್ಟೆಂಬರಿನಲ್ಲೇ ಹೊರಬಿದ್ದಿತ್ತು. ರೇನ್ಸ್ ಮತ್ತು ಡಾಸನ್ ಸಿಕ್ಕಿಕೊಂಡ ಚಳಿಗಾಲದ ತೀರ್ಪು 1988ರಲ್ಲಿ ಬಂತು. 1990ರಲ್ಲಿ ಮಾಲೀಕರು 28 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿದರು. ಹಣದ ಲೆಕ್ಕ ಸರಿಮಾಡಿದ್ದಾಯಿತು, ಮತದ ಲೆಕ್ಕ ಹಾಗೆಯೇ ಇದೆ.

ಮೈದಾನದ ಮಾತೂ ಇದೆ. ಕಬ್ಸ್‌ನ ರಿಗ್ಲಿ ಫೀಲ್ಡಿನಲ್ಲಿ ದೀಪ ಬಂದದ್ದು 1988ರ ಆಗಸ್ಟಿನಲ್ಲಿ. ಆದ್ದರಿಂದ 1987ರ ತವರು ಪಂದ್ಯಗಳೆಲ್ಲ ಹಗಲಿನವೇ. ಬೇಸಿಗೆಯ ಮಧ್ಯಾಹ್ನ ಗಾಳಿ ಹೊರಮುಖವಾಗಿ ಬೀಸಿದರೆ ಮೇಲೆದ್ದ ಚೆಂಡು ಬೇಲಿ ದಾಟುತ್ತದೆ. ಡಾಸನ್ ತವರಿನಲ್ಲಿ .332, ಹೊರಗೆ .246. ಇದು ಅವನ ತಪ್ಪಲ್ಲ. ಆದರೆ ಇಬ್ಬರನ್ನು ಹೋಲಿಸುವಾಗ ಪಿಚ್ ನೋಡದೆ ರನ್ ಎಣಿಸುವ ಕ್ರಿಕೆಟ್ ವಿಮರ್ಶಕನನ್ನು ಯಾರು ನಂಬುತ್ತಾರೆ? ಜೊತೆಗೆ 1987 ಹೋಮ್ ರನ್ನುಗಳ ಪ್ರವಾಹದ ವರ್ಷ: ಎರಡೂ ಲೀಗ್ ಸೇರಿ 4,458. ಅಂಥ ವರ್ಷದಲ್ಲಿ 49ರ ಬೆಲೆ ಬೇರೆ ವರ್ಷದ 49ರಷ್ಟಿರುವುದಿಲ್ಲ.

ಅಮೆರಿಕನ್ ಲೀಗಿನದು ಇನ್ನೂ ಹತ್ತಿರದ ಹೋರಾಟ. ಬೆಲ್ 332 ಅಂಕ, ಡೆಟ್ರಾಯಿಟ್ ಟೈಗರ್ಸ್‌ನ ಅಲನ್ ಟ್ರಾಮೆಲ್ 311. ಬೆಲ್‌ಗೆ ಮೊದಲ ಸ್ಥಾನ, ಟ್ರಾಮೆಲ್‌ಗೆ ಎರಡನೆಯದು ಎಂದು ಬರೆದ ಒಬ್ಬ ಮತದಾರ ಅದನ್ನು ಅದಲುಬದಲು ಮಾಡಿದ್ದರೆ ಅಂತರದಲ್ಲಿ ಹತ್ತು ಅಂಕ ಕರಗುತ್ತಿತ್ತು. ಅಂಥವರು ಮೂವರಿದ್ದರೆ ಫಲಿತಾಂಶವೇ ತಿರುಗುತ್ತಿತ್ತು.

ಬೆಲ್ 47 ಹೋಮ್ ರನ್, 134 ಆರ್‌ಬಿಐ, .308. ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿ ಎಂವಿಪಿಯಾದ ಮೊದಲಿಗ. ಆ ಹೆಮ್ಮೆಯನ್ನು ನಾವು ಕುಗ್ಗಿಸುವುದಿಲ್ಲ. ಟ್ರಾಮೆಲ್ .343, 28 ಹೋಮ್ ರನ್, 105 ಆರ್‌ಬಿಐ, 23 ಪ್ರಯತ್ನಗಳಲ್ಲಿ 21 ಕದ್ದ ಬೇಸ್. ಲ್ಯಾನ್ಸ್ ಪ್ಯಾರಿಶ್ ಫಿಲಡೆಲ್ಫಿಯಾಕ್ಕೆ ಹೋದ ಮೇಲೆ ನಾಲ್ಕನೇ ಕ್ರಮಾಂಕ ಖಾಲಿಯಾಗಿತ್ತು. ಅದನ್ನು ತುಂಬಿದ್ದು ಈ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್). ಮೇಲಿನ ಲೆಕ್ಕದಲ್ಲಿ ಟ್ರಾಮೆಲ್ 52ರ ಹತ್ತಿರ, ಬೆಲ್ 45ರ ಹತ್ತಿರ. ಬ್ಯಾಟಿನಿಂದಲೇ ಟ್ರಾಮೆಲ್ ಮುಂದು. ಇದರ ಮೇಲೆ ಜಾಗದ ಲೆಕ್ಕ ಬೇರೆ. ಬೆಲ್ ಆಡಿದ ಲೆಫ್ಟ್ ಫೀಲ್ಡಿನಲ್ಲಿ ಚೆನ್ನಾಗಿ ಹೊಡೆಯುವವರು ಎಲ್ಲ ತಂಡಕ್ಕೂ ಸಿಗುತ್ತಾರೆ. ಶಾರ್ಟ್‌ಸ್ಟಾಪ್ ಜಾಗಕ್ಕೆ ಕೈ ಚುರುಕಿರುವವನೇ ಬೇಕು, ಅವನು ಬ್ಯಾಟಿನಿಂದ ಏನು ಕೊಟ್ಟರೂ ಅದು ಬೋನಸ್. ಎರಡು ಜಾಗಗಳ ನಡುವೆ ಒಂದು ಋತುವಿಗೆ ಹದಿನೈದು ರನ್ ಅಂತರ ಇಡುವುದು ಈಗಿನ ವಾಡಿಕೆ. ವಿಕೆಟ್ ಕೀಪರ್ ಹೊಡೆದ ಶತಕವನ್ನೂ ಸ್ಲಿಪ್ಪಿನಲ್ಲಿ ನಿಂತವನು ಹೊಡೆದ ಶತಕವನ್ನೂ ತಂಡ ಕಟ್ಟುವವರು ಬೇರೆಬೇರೆಯಾಗಿ ನೋಡುತ್ತಾರಲ್ಲ, ಹಾಗೆ.

ಕೊನೆಯ ವಾರದ ಮಾತನ್ನು ಎಲ್ಲರೂ ಎತ್ತುತ್ತಾರೆ. ಒಂದು ವಾರ ಉಳಿದಿರುವಾಗ ಮುಂದಿದ್ದ ಟೊರಾಂಟೊ ಕೊನೆಯ ಏಳೂ ಪಂದ್ಯ ಸೋತಿತು. ಅಕ್ಟೋಬರ್ 4ರಂದು ಡೆಟ್ರಾಯಿಟ್‌ನಲ್ಲಿ ಫ್ರ್ಯಾಂಕ್ ಟನಾನ 1–0ರಿಂದ ಮುಗಿಸಿದಾಗ ಟೈಗರ್ಸ್ 98–64, ಬ್ಲೂ ಜೇಸ್ 96–66. ಆ ಏಳು ಪಂದ್ಯಗಳಲ್ಲಿ ಬೆಲ್ 27ಕ್ಕೆ 3 ಹಿಟ್. ಟ್ರಾಮೆಲ್ ಸೆಪ್ಟೆಂಬರ್ ತಿಂಗಳಿಡೀ .400ಕ್ಕೂ ಮೇಲೆ ಹೊಡೆದ. ಇದು ನಮ್ಮ ವಾದಕ್ಕೆ ಅನುಕೂಲವೇ, ಆದರೂ ನಾವು ಇದರ ಮೇಲೆ ಭಾರ ಹಾಕುವುದಿಲ್ಲ. ಟೊರಾಂಟೊದ ಶಾರ್ಟ್‌ಸ್ಟಾಪ್ ಟೋನಿ ಫರ್ನಾಂಡಿಸ್ ಮೊಣಕೈ ಮುರಿದುಕೊಂಡು, ಕ್ಯಾಚರ್ ಅರ್ನಿ ವಿಟ್ ಪಕ್ಕೆಲುಬು ಮುರಿದುಕೊಂಡು ಹೊರಗಿದ್ದರು. ಏಪ್ರಿಲ್‌ನ ಗೆಲುವಿಗೂ ಅಕ್ಟೋಬರ್‌ನ ಗೆಲುವಿಗೂ ಪಟ್ಟಿಯಲ್ಲಿ ಒಂದೇ ಬೆಲೆ. ಟ್ರಾಮೆಲ್ ಇಡೀ ಋತುವಿನ ಲೆಕ್ಕದಲ್ಲೇ ಮುಂದಿರುವಾಗ ಒಬ್ಬನ ಕೆಟ್ಟ ವಾರವನ್ನು ಸಾಕ್ಷಿಗೆ ಕರೆಯುವ ಅಗತ್ಯವಿಲ್ಲ.

ಬಾಸ್ಟನ್‌ನ ವೇಡ್ ಬಾಗ್ಸ್‌ನನ್ನು ಮರೆತಿಲ್ಲ. .363, ಬೇಸ್ ತಲುಪಿದ ಪ್ರಮಾಣ .461, ಆ ವರ್ಷ ಮಾತ್ರ ಎಲ್ಲಿಂದಲೋ ಬಂದ 24 ಹೋಮ್ ರನ್. ಬರೀ ಬ್ಯಾಟಿನ ಲೆಕ್ಕದಲ್ಲಿ ಅವನು 70 ದಾಟುತ್ತಾನೆ. ಫೆನ್‌ವೇ ಪಾರ್ಕ್ ಅವನಂಥ ಹೊಡೆತಗಾರನಿಗೆ ಹೇಳಿ ಮಾಡಿಸಿದ ಮೈದಾನ. ಅದನ್ನು ಕಳೆದು, ಥರ್ಡ್ ಬೇಸ್ ಮತ್ತು ಶಾರ್ಟ್‌ಸ್ಟಾಪ್‌ಗಳ ಅಂತರ ಹಾಕಿದರೆ ಅವನೂ ಟ್ರಾಮೆಲ್ಲೂ ಸಮಸಮ. ನಮ್ಮ ಮತ ಕೂದಲೆಳೆಯಷ್ಟು ಟ್ರಾಮೆಲ್ ಕಡೆಗೆ. ಬಾಗ್ಸ್ ಎನ್ನುವವರೊಡನೆ ಜಗಳವಿಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಅವನು ಒಂಬತ್ತನೆಯವ.

ಇನ್ನು ಸೈ ಯಂಗ್. ಬೆಡ್ರೋಸಿಯನ್ 57, ಕಬ್ಸ್‌ನ ರಿಕ್ ಸಟ್‌ಕ್ಲಿಫ್ 55, ಋತುವಿನ ನಡುವೆ ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ರಿಕ್ ರಷೆಲ್ 54. ಬೆಡ್ರೋಸಿಯನ್ ಮೊದಲು, ರಷೆಲ್ ಎರಡನೆಯವ ಎಂದು ಬರೆದ ಒಂದೇ ಒಂದು ಮತಪತ್ರ ತಿರುವುಮುರುವಾಗಿದ್ದರೆ 55, 55, 56, ರಷೆಲ್ ಗೆದ್ದ. ಮೂರೇ ಹೆಸರಿನ ಮತಪತ್ರದ ದೌರ್ಬಲ್ಯ ಇದು: ನಾಲ್ಕನೆಯ, ಐದನೆಯ ಪಿಚರ್ ಎಷ್ಟೇ ಮತದಾರರ ಮನಸ್ಸಿನಲ್ಲಿದ್ದರೂ ಅವನಿಗೆ ಸೊನ್ನೆ.

ಆ ವರ್ಷ ನ್ಯಾಷನಲ್ ಲೀಗಿನ ಸರಾಸರಿ ಇಆರ್‌ಎ, ಅಂದರೆ ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು ಒಂಬತ್ತು ಇನ್ನಿಂಗ್ಸಿಗೆ ಪಿಚರ್ ಬಿಟ್ಟುಕೊಟ್ಟ ರನ್, 4.08. ಒಬ್ಬ ಪಿಚರ್ ಎಷ್ಟು ಇನ್ನಿಂಗ್ಸ್ ಎಸೆದನೋ ಅಷ್ಟಕ್ಕೆ ಸರಾಸರಿ ಪಿಚರ್ ಎಷ್ಟು ರನ್ ಬಿಡುತ್ತಿದ್ದ ಎಂದು ಲೆಕ್ಕ ಹಾಕಿ, ಅದರಿಂದ ಇವನು ಬಿಟ್ಟದ್ದನ್ನು ಕಳೆದರೆ ಉಳಿಸಿದ ರನ್ ಸಿಗುತ್ತದೆ. ಹೂಸ್ಟನ್‌ನ ನೋಲನ್ ರಯನ್ 211.2 ಇನ್ನಿಂಗ್ಸ್ (ಆ .2 ಅಂದರೆ ಎರಡು ಔಟ್, ದಶಮಾಂಶವಲ್ಲ, ಲೆಕ್ಕ ಹಾಕುವವರು ಎಡವುವ ಜಾಗ), 2.76, ಉಳಿಸಿದ್ದು 31. ಲಾಸ್ ಏಂಜಲಿಸ್‌ನ ಓರೆಲ್ ಹರ್ಷೈಸರ್ 264.2 ಇನ್ನಿಂಗ್ಸ್, 3.06, ಉಳಿಸಿದ್ದು 30. ರಷೆಲ್ 227 ಇನ್ನಿಂಗ್ಸ್, 3.09, 25. ಬಾಬ್ ವೆಲ್ಚ್ 251.2 ಇನ್ನಿಂಗ್ಸ್, 3.22, 24. ಬೆಡ್ರೋಸಿಯನ್ 89 ಇನ್ನಿಂಗ್ಸ್, 2.83, 12. ಸಟ್‌ಕ್ಲಿಫ್ 237.1 ಇನ್ನಿಂಗ್ಸ್, 3.68, ಹನ್ನೊಂದರ ಒಳಗೆ.

ಬೆಡ್ರೋಸಿಯನ್ ಪರವಾಗಿ ಹೇಳಲೇಬೇಕಾದ ಮಾತೊಂದಿದೆ. ಪಂದ್ಯದ ಕೊನೆಗೆ, ಒಂದು ರನ್ ಹೆಚ್ಚಾದರೂ ಗೆಲುವು ಕೈಜಾರುವ ಹೊತ್ತಿಗೆ ಬರುವ ಪಿಚರ್‌ನ ಇನ್ನಿಂಗ್ಸ್‌ಗೆ ತೂಕ ಹೆಚ್ಚು. ದುಪ್ಪಟ್ಟು ತೂಕ ಕೊಡಿ, 24 ಆಗುತ್ತದೆ. ರಷೆಲ್, ವೆಲ್ಚ್ ಜೊತೆ ಸಾಲಿನಲ್ಲಿ ನಿಲ್ಲುತ್ತಾನೆ, ಮುಂದೆ ಹೋಗುವುದಿಲ್ಲ. ಹಾಗಾಗಿ ಆ ಆಯ್ಕೆ ಅಸಂಬದ್ಧವೇನಲ್ಲ. ಅಸಂಬದ್ಧವಾದದ್ದು ಉಳಿದವರನ್ನು ಕೈಬಿಟ್ಟ ಕಾರಣ. ರಯನ್ ಇಆರ್‌ಎಯಲ್ಲೂ 270 ಸ್ಟ್ರೈಕ್‌ಔಟ್‌ನಲ್ಲೂ ಲೀಗಿಗೆ ಮೊದಲಿಗ, ಗೆಲುವು–ಸೋಲು 8–16, ಐದನೇ ಸ್ಥಾನ. ಹರ್ಷೈಸರ್ 16–16, ನಾಲ್ಕನೇ ಸ್ಥಾನ. ತಂಡ ರನ್ ಹೊಡೆಯದಿದ್ದುದಕ್ಕೆ ಪಿಚರ್‌ನ ತಲೆಗೆ ದಂಡ. ರಯನ್‌ನ ಆಸ್ಟ್ರೋಡೋಮ್ ಪಿಚರ್‌ಗೆ ಅನುಕೂಲದ ಮೈದಾನ, 34 ಪಂದ್ಯ ಶುರು ಮಾಡಿ ಒಂದನ್ನೂ ಪೂರ್ತಿ ಎಸೆಯಲಿಲ್ಲ. ಆದ್ದರಿಂದ ನಮ್ಮ ಒಲವು ಹೆಚ್ಚು ಇನ್ನಿಂಗ್ಸ್ ಹೊತ್ತ ಹರ್ಷೈಸರ್ ಕಡೆಗೆ. ಅವನ ತಂಡವಾದ ಡಾಡ್ಜರ್ಸ್‌ನ ಮೈದಾನವೂ ಪಿಚರ್ ಸ್ನೇಹಿಯೇ. ಅದನ್ನು ಕಳೆದರೆ ರಷೆಲ್ ಹತ್ತಿರ ಬರುತ್ತಾನೆ. ಇಲ್ಲಿ ಖಚಿತವಾಗಿ ಒಬ್ಬನ ಹೆಸರು ಹೇಳುವುದು ಕಷ್ಟ. ಮರುಮತದಾನ ಬೇಕೆನ್ನುವುದು ಅದಕ್ಕೇ.

2010ರಲ್ಲಿ ನಿಮ್ಮದೇ ಸದಸ್ಯರು 13–12 ದಾಖಲೆಯ ಫೆಲಿಕ್ಸ್ ಹರ್ನಾಂಡಿಸ್‌ಗೆ ಸೈ ಯಂಗ್ ಕೊಟ್ಟರು. 2018ರಲ್ಲಿ 10–9ರ ಜೇಕಬ್ ಡಿಗ್ರಾಂಗೆ ಕೊಟ್ಟರು. ಎರಡೂ ಸರಿಯಾದ ತೀರ್ಪು. ಅದೇ ಕಣ್ಣಿನಿಂದ 16–16ನ್ನು ಒಮ್ಮೆ ನೋಡಿ ಎಂದಷ್ಟೇ ಕೇಳುತ್ತಿದ್ದೇವೆ.

ಆ ವರ್ಷ ಆಟಗಾರರಿಗೆ ಕೊಟ್ಟ ಉಳಿದ ಮೂರು ಪ್ರಶಸ್ತಿಗಳ ಬಗ್ಗೆ ತಕರಾರಿಲ್ಲ. ಅಮೆರಿಕನ್ ಲೀಗಿನ ಸೈ ಯಂಗ್ ರೋಜರ್ ಕ್ಲೆಮೆನ್ಸ್ (20–9, 18 ಪೂರ್ಣ ಪಂದ್ಯ, ಅದರಲ್ಲಿ ಒಂದೂ ರನ್ ಬಿಡದ 7 ಶಟ್‌ಔಟ್) ಸರಿ. ವರ್ಷದ ಹೊಸ ಆಟಗಾರರಾಗಿ 49 ಹೋಮ್ ರನ್‌ನ ಮಾರ್ಕ್ ಮೆಗ್ವಾಯರ್, ಸತತ 34 ಪಂದ್ಯಗಳಲ್ಲಿ ಹಿಟ್ ಹೊಡೆದ ಬೆನಿಟೊ ಸ್ಯಾಂಟಿಯಾಗೊ ಸರಿ.

ಹಳೆಯ ಕಡತ ಈಗೇಕೆ ಎಂದು ಕೇಳಬಹುದು. ಪ್ರಶಸ್ತಿ ಆ ವರ್ಷಕ್ಕೇ ಮುಗಿಯುವುದಿಲ್ಲ. ಬೇಸ್‌ಬಾಲ್ ಶ್ರೇಷ್ಠರ ಗೌರವಭವನವಾದ ಹಾಲ್ ಆಫ್ ಫೇಮ್‌ನ ಮತದಾನದಲ್ಲಿ ಅದೇ ಮೊದಲ ಸಾಲಾಗುತ್ತದೆ, ಅಲ್ಲಿ ಮತ ಹಾಕುವವರೂ ನೀವೇ. ಡಾಸನ್ 2010ರಲ್ಲಿ 77.9 ಶೇಕಡಾ ಮತ ಪಡೆದು ಒಳಹೋದ. ಟ್ರಾಮೆಲ್ 15 ವರ್ಷ ನಿಮ್ಮ ಮತಪತ್ರದಲ್ಲಿದ್ದೂ 41 ಶೇಕಡಾ ಮುಟ್ಟಲಿಲ್ಲ. 2018ರಲ್ಲಿ ಬೇರೆ ಸಮಿತಿಯ ಬಾಗಿಲಿನಿಂದ ಹೋಗಬೇಕಾಯಿತು. ಮತಪತ್ರದ ಅವಧಿ ಹತ್ತು ವರ್ಷಕ್ಕೆ ಇಳಿದ ಮೇಲೆ ರೇನ್ಸ್ ಒಳಹೋದದ್ದು ಹತ್ತನೇ ವರ್ಷ, ಕೊನೆಯ ಅವಕಾಶದಲ್ಲಿ. 2014ರಲ್ಲಿ ತೀರಿಕೊಂಡ ಗ್ವಿನ್ ಒಮ್ಮೆಯೂ ಎಂವಿಪಿ ಆಗಲಿಲ್ಲ.

ದಾಖಲೆ ಮುಟ್ಟಬಾರದ ವಿಗ್ರಹವೇನಲ್ಲ. ಹ್ಯಾಕ್ ವಿಲ್ಸನ್‌ನ 1930ರ ಆರ್‌ಬಿಐ 190 ಇದ್ದದ್ದನ್ನು 1999ರಲ್ಲಿ 191 ಎಂದು ತಿದ್ದಲಾಯಿತು. 2024ರಲ್ಲಿ, ವರ್ಣಭೇದದ ಕಾಲದಲ್ಲಿ ಕಪ್ಪು ಆಟಗಾರರು ಆಡಿದ ನೀಗ್ರೋ ಲೀಗ್‌ಗಳ ಅಂಕಿಗಳು ಅಧಿಕೃತ ಪಟ್ಟಿಗೆ ಸೇರಿ, ಜೋಶ್ ಗಿಬ್ಸನ್ .372ರೊಂದಿಗೆ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್‌ನನ್ನು ಹಿಂದಿಕ್ಕಿದ. ನಿಮ್ಮ ಸಂಘವೇ 2020ರಲ್ಲಿ ಎಂವಿಪಿ ಫಲಕದಿಂದ ಬೇಸ್‌ಬಾಲಿನ ಮೊದಲ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್‌ನ ಹೆಸರು ತೆಗೆಯಿತು. 1969ರಲ್ಲಿ ಸೈ ಯಂಗ್ ಸಮಸಮವಾದಾಗ ಒಂದು ಹೆಸರಿನ ಮತಪತ್ರವನ್ನು ಮರುವರ್ಷವೇ ಮೂರಕ್ಕೆ ಏರಿಸಿದಿರಿ, 2010ರಲ್ಲಿ ಐದಕ್ಕೆ. 1979ರಲ್ಲಿ ಕೀತ್ ಹರ್ನಾಂಡಿಸ್, ವಿಲ್ಲಿ ಸ್ಟಾರ್ಜೆಲ್ ಇಬ್ಬರನ್ನೂ ಎಂವಿಪಿ ಎಂದು ಬರೆದಿರಿ. ಒಂದೇ ಸಾಲಿನಲ್ಲಿ ಎರಡು ಹೆಸರಿದ್ದರೆ ಆಕಾಶ ಬೀಳುವುದಿಲ್ಲ ಎಂಬುದಕ್ಕೆ ನೀವೇ ಸಾಕ್ಷಿ.

ನಮ್ಮ ಕೋರಿಕೆ ಹೀಗಿದೆ. 1987ರ ಮತಪತ್ರಗಳನ್ನು, ನ್ಯಾಷನಲ್ ಲೀಗಿನ 24, ಅಮೆರಿಕನ್ ಲೀಗಿನ 28 ಮತದಾರರವು, ಪ್ರಶಸ್ತಿವಾರು ಪ್ರಕಟಿಸಿ. 2012ರಿಂದ ಪ್ರತಿ ಮತವನ್ನೂ ಹೆಸರು ಸಮೇತ ಹೊರಗಿಡುತ್ತಿದ್ದೀರಿ, ಆ ಪಾರದರ್ಶಕತೆಯನ್ನು ಹಿಂದಕ್ಕೂ ಚಾಚಿ. ಹಳೆಯ ಕಾಗದ ಉಳಿದಿಲ್ಲವಾದರೆ ಹಾಗೆಂದು ಹೇಳಿಬಿಡಿ. ಬಳಿಕ ಈಗಿನ ಸದಸ್ಯರಿಂದ ಮೇಲಿನ ಮೂರು ಪ್ರಶಸ್ತಿಗಳಿಗೆ ಮರುಮತದಾನ ನಡೆಸಿ. ಮೂಲ ವಿಜೇತರ ಹೆಸರು, ಫಲಕ ಹಾಗೆಯೇ ಇರಲಿ. ಅದರ ಕೆಳಗೆ ಮರುಮತದಾನದ ಫಲಿತಾಂಶ ಇನ್ನೊಂದು ಸಾಲಾಗಿ ಬರಲಿ. 1987ರ ಪುಟದಲ್ಲಿ ಮಾಲೀಕರ ಒಳಒಪ್ಪಂದದ ಬಗ್ಗೆ, ಅದರಿಂದ ಪಂದ್ಯ ಕಳೆದುಕೊಂಡವರ ಬಗ್ಗೆ ಟಿಪ್ಪಣಿ ಇರಲಿ.

ಮರುಮತದಾನದಲ್ಲಿ ಎಡವುವ ಜಾಗಗಳೂ ಇವೆ. ಮೈದಾನದ ಪ್ರಭಾವವನ್ನು ಒಂದೇ ವರ್ಷದ ಅಂಕಿಯಿಂದ ತೆಗೆದರೆ ಗಾಳಿ, ಮಳೆ, ಅದೃಷ್ಟ ಎಲ್ಲ ಬೆರೆತುಬಿಡುತ್ತವೆ. ಕನಿಷ್ಠ ಮೂರು ವರ್ಷದ ಸರಾಸರಿ ಬೇಕು. ಫೀಲ್ಡಿಂಗ್ ಅಳತೆ ಇನ್ನೂ ಜಾರುವ ನೆಲ. ಕ್ಯಾಮೆರಾ, ರೇಡಾರ್ ಇಟ್ಟು ಪ್ರತಿ ಚೆಂಡನ್ನು ಅಳೆಯುವ ಸ್ಟ್ಯಾಟ್‌ಕಾಸ್ಟ್ ಬಂದದ್ದು 2015ರಲ್ಲಿ. 1987ಕ್ಕೆ ಇರುವುದು ರೆಟ್ರೋಶೀಟ್ ಎಂಬ ಸಂಸ್ಥೆ ಸಂಗ್ರಹಿಸಿದ ಸರದಿವಾರು ಬರಹದ ದಾಖಲೆ ಮಾತ್ರ. ಆದ್ದರಿಂದ ವಾರ್ ಎಂಬ ಒಟ್ಟು ಅಂಕದಲ್ಲಿ (ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಎಷ್ಟು ಗೆಲುವು ಹೆಚ್ಚು ಕೊಟ್ಟ ಎಂಬ ಅಂದಾಜು) ಡಾಸನ್ ಸುಮಾರು 4, ಗ್ವಿನ್ 8ಕ್ಕೂ ಮೇಲೆ ಎಂಬ ಅಂತರವನ್ನು ನಂಬಬಹುದು. ಅರ್ಧ ಅಂಕದ ಅಂತರ ನೋಡಿ ಗೆದ್ದವನನ್ನು ಘೋಷಿಸಬಾರದು. ಸೇಂಟ್ ಲೂಯಿಸ್‌ನ ಆಝೀ ಸ್ಮಿತ್ ಒಂದೂ ಹೋಮ್ ರನ್ ಇಲ್ಲದೆ ಅಂದು ಎರಡನೇ ಸ್ಥಾನಕ್ಕೆ ಬಂದದ್ದು ಫೀಲ್ಡಿಂಗ್ ಬಲದಿಂದ. ಈ ಒಂದು ವಿಷಯದಲ್ಲಿ ಅಂದಿನ ಮತದಾರರ ಕಣ್ಣು ನಮ್ಮ ಲೆಕ್ಕಕ್ಕಿಂತ ಚುರುಕಾಗಿತ್ತೇನೋ. ಇನ್ನೊಂದು ಅಪಾಯ, ಆಮೇಲಿನ ಕೀರ್ತಿ. ಗ್ವಿನ್ ಮುಂದೆ ಏನಾದ, ಬೆಲ್ ಏನಾದ ಎಂಬುದು 1987ರ ಮತಪತ್ರಕ್ಕೆ ಸೇರಿದ್ದಲ್ಲ. ಹೆಸರು ಮುಚ್ಚಿ ಅಂಕಿಗಳ ಸಾಲನ್ನಷ್ಟೇ ಮತದಾರರ ಮುಂದಿಟ್ಟು ಮೊದಲ ಸುತ್ತು ನಡೆಸುವುದು ಒಳ್ಳೆಯದು.

ಕೊನೆಯದಾಗಿ, 1931ರಿಂದ ಮತಪತ್ರದ ಜೊತೆ ಹೋಗುತ್ತಿರುವ ನಿಮ್ಮ ಸೂಚನಾಪತ್ರ. ಅತ್ಯಮೂಲ್ಯ ಎಂಬುದಕ್ಕೆ ಸ್ಪಷ್ಟ ವ್ಯಾಖ್ಯೆ ಇಲ್ಲವೆಂದು ಅದೇ ಹೇಳುತ್ತದೆ. ಮತದಾರನ ಸ್ವಾತಂತ್ರ್ಯ ಇರಲಿ. ಆದರೆ ಬ್ಯಾಟಿಂಗ್, ಫೀಲ್ಡಿಂಗ್ ಎರಡರ ಬಲ, ಆಡಿದ ಪಂದ್ಯಗಳ ಸಂಖ್ಯೆ ಎಂದು ಅಲ್ಲಿರುವ ಮಾತುಗಳ ಪಕ್ಕದಲ್ಲಿ ಔಟ್‌ಗಳ ಖರ್ಚು, ಬೇಸ್ ತಲುಪಿದ ಪ್ರಮಾಣ, ಮೈದಾನದ ತಿದ್ದುಪಡಿ, ಆಡುವ ಜಾಗ ಇವುಗಳನ್ನೂ ನೋಡಿ ಎಂಬ ಒಂದು ಸಾಲು ಸೇರಿಸಿ. ಮುಂದಿನ ವಾರ್ಷಿಕ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ, ಒಪ್ಪಲಿ ಬಿಡಲಿ, ಕಾರಣ ಸಮೇತ ಉತ್ತರ ಬಹಿರಂಗವಾಗಿ ಸಿಗಲಿ ಎಂದು ಕೋರುತ್ತೇವೆ.

ಇಂತಿ,
ತಮ್ಮ ವಿಶ್ವಾಸಿಗಳು
ಬೇಸ್‌ಬಾಲ್ ಲೆಕ್ಕಪತ್ರ ಓದುವ ಕೆಲವು ಕನ್ನಡಿಗರು